ಯೋಜನೆಯ ಫಲ ಯಾರ ಮನೆ ಸೇರಿತು?

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಭಾಷಣ ಮಾಡಿ ರೂಢಿಯಿಲ್ಲ. ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ದಿನ ಒಂದು ಲೆಕ್ಕ ನಿಮ್ಮ ಮುಂದಿಡಬೇಕು ಅನ್ನಿಸಿತು.

ಸರ್ಕಾರದ ಯೋಜನೆ ಬಂದಾಗ ನಾವು ಕೇಳೋದು 'ಎಷ್ಟು ಹಣ ಬಂತು?' ಅಂತ. 'ಯಾರಿಗೆ ಬರಲಿಲ್ಲ?' ಅಂತ ಕೇಳೋದಿಲ್ಲ.

ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 2017ರಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಮನ್ನಾ ಆಯಿತು. ನನ್ನ ಸಾಲವೂ ಮನ್ನಾ ಆಯಿತು. ಸುಳ್ಳು ಹೇಳಲಾರೆ, ಆ ವರ್ಷ ಉಸಿರು ಬಂದ ಹಾಗಾಯಿತು. ಆದರೆ ಪಕ್ಕದ ಹೊಲವನ್ನು ವಾರಕ್ಕೆ ಮಾಡುತ್ತಿದ್ದವನಿಗೆ ಏನೂ ಸಿಗಲಿಲ್ಲ. ಕೈಸಾಲ ಮಾಡಿ ಸೂರ್ಯಕಾಂತಿ ಬಿತ್ತಿದ್ದ. ಪಹಣಿಯಲ್ಲಿ ಹೆಸರಿಲ್ಲ, ಸಂಘದ ಸಾಲವಿಲ್ಲ. ಸಾಲವೇ ಇಲ್ಲದ ಮೇಲೆ ಮನ್ನಾ ಎಲ್ಲಿಂದ? 'ಅಣ್ಣ, ಮಳೆ ಕೈಕೊಟ್ಟದ್ದು ಇಬ್ಬರಿಗೂ, ಮನ್ನಾ ಆದದ್ದು ನಿಮಗೊಬ್ಬರಿಗೇ' ಅಂದ. ನನಗೆ ಉತ್ತರ ಹೊಳೆಯಲಿಲ್ಲ.

1974ರ ಭೂ ಸುಧಾರಣೆ ಗೇಣಿ ರದ್ದು ಮಾಡಿ ಎಷ್ಟೋ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ದೊಡ್ಡ ಕೆಲಸ. ಆದರೆ ವಾರ ಈಗಲೂ ಬಾಯಿಮಾತಲ್ಲೇ ನಡೆಯುತ್ತೆ. ಕಾಗದ ಮಾಡಿದರೆ ಜಮೀನು ಹೋದೀತು ಅಂತ ನಮಗೆ ಭಯ. ಆ ಭಯದ ನಷ್ಟ ಮಾತ್ರ ಉಳುವವನಿಗೆ.

ಬಡ್ಡಿಯಿಲ್ಲದ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸಾಲ ಕೊಡೋದು ಎಕರೆ, ಬೆಳೆ ನೋಡಿ. ಐದು ಎಕರೆ ಅರಿಸಿನ, ಬಾಳೆ ಇರುವವನಿಗೆ ಆಗುವ ಲಾಭ ಒಂದೆಕರೆ ಹುರುಳಿ ಬಿತ್ತುವವನಿಗೆ ಆದೀತೆ? 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬೋರ್ ಕೊರೆಸಲಾಗದವನಿಗೆ ಅದರಿಂದೇನು?

2013ರ ಅನ್ನಭಾಗ್ಯದ ಅಕ್ಕಿಗೆ, 2023ರ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ಯಾರೂ ಪಹಣಿ ಕೇಳಲಿಲ್ಲ. ಕೂಲಿ ಮಾಡುವ ಹೆಣ್ಣುಮಕ್ಕಳ ಕೈಗೂ ಅದು ತಲುಪಿತು. 'ಜನ ಸೋಮಾರಿಗಳಾಗ್ತಾರೆ' ಅಂತ ಅದಕ್ಕೆ ಬಯ್ಯುವ ನಾವು, ನಮ್ಮ ಸಾಲ ಮನ್ನಾ ಆದಾಗ ಹಾಗನ್ನಲಿಲ್ಲ.

ಮನ್ನಾ ಬೇಡ, ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಕೋರಿಕೆ ಎರಡೇ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಲಾಭ-ನಷ್ಟದ ಜೊತೆ ಇನ್ನೊಂದು ಹಾಳೆ ಓದೋಣ: ಎರಡು ಎಕರೆಗಿಂತ ಕಡಿಮೆ ಇರುವವರಿಗೆಷ್ಟು, ಹೆಣ್ಣುಮಕ್ಕಳಿಗೆಷ್ಟು, ಭೂಮಿ ಇಲ್ಲದವರಿಗೆಷ್ಟು ಸಾಲ ಹೋಯಿತು ಅಂತ. ಎರಡನೆಯದು, ವಾರಕ್ಕೆ ಮಾಡುವ 4ರಿಂದ 10 ಜನ ಸೇರಿ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ಜಂಟಿ ಹೊಣೆಗಾರಿಕೆ ಗುಂಪಿನ ಪದ್ಧತಿಯನ್ನು ನಬಾರ್ಡ್ ರೂಪಿಸಿದೆ. ಅದನ್ನು ನಾವೂ ಶುರು ಮಾಡೋಣ.

ಮುಂದಿನ ಸಲ ಅವನು ಕೇಳಿದರೆ ಉತ್ತರ ಹೇಳುವ ಹಾಗಿರಬೇಕು. ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.