ಇಂಗಾಲ ಮೊದಲು ಬಿಟ್ಟ ಮನೆ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದದ್ದು ನಿಮಗೆಲ್ಲ ನೆನಪಿದೆ. ನನ್ನ ಮೇಷ್ಟ್ರು ಸೆರಾಮಿಕ್ ಪಟ್ಟಿಗಳನ್ನು ಪರೀಕ್ಷಿಸುತ್ತಿದ್ದದ್ದೂ ಹಾಗೆಯೇ. ಎರಡು ದಾರದ ಮೇಲೆ ಪಟ್ಟಿ ಮಲಗಿಸಿ, ಪುಟ್ಟ ಉಕ್ಕಿನ ಗುಂಡಿನಿಂದ ತಟ್ಟಿ ಕಣ್ಣು ಮುಚ್ಚುವರು. ಅಳತೆಯೂ ತೂಕವೂ ಒಂದೇ ಆದರೆ, ಬಿಗುವು ಹೆಚ್ಚಿರುವ ಪಟ್ಟಿಯ ಸ್ವರ ಮೇಲೆ.

ಅಂಥ ಸೆರಾಮಿಕ್‌ಗಳಲ್ಲೊಂದು ಬೋರಾನ್ ಕಾರ್ಬೈಡ್, ಗುಂಡುನಿರೋಧಕ ಕವಚಕ್ಕೂ ಪರಮಾಣು ರಿಯಾಕ್ಟರಿನ ನಿಯಂತ್ರಣ ದಂಡಕ್ಕೂ ಬಳಕೆಯಾಗುವ ವಸ್ತು. ನಾಲ್ಕು ಬೋರಾನಿಗೆ ಒಂದು ಇಂಗಾಲ ಎಂದು ಪಠ್ಯಪುಸ್ತಕ ಹೇಳಿಬಿಡುತ್ತದೆ. ನನ್ನ ತಕರಾರು ಅಲ್ಲೇ. ಇಂಗಾಲ ಶೇ. 20ರಿಂದ ಸುಮಾರು ಶೇ. 9ಕ್ಕೆ ಇಳಿದರೂ ಈ ಹರಳು ತನ್ನ ಕಟ್ಟಡ ಬಿಡುವುದಿಲ್ಲ. ಬಿಗುವು ಮಾತ್ರ ಬಿಡುತ್ತದೆ. ಅಮೆರಿಕದ ಗೀಸ್ಕೆ, ಆಸಲೇಜ್, ಎಮಿನ್ 1991ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಬಿಗುವನ್ನು ಹೇಳುವ ಯಂಗ್ ಗುಣಾಂಕ ಸುಮಾರು 470 ಗಿಗಾಪಾಸ್ಕಲ್‌ನಿಂದ 320ರ ಆಸುಪಾಸಿಗೆ ಬಂತು. ಲೆಕ್ಕ ಹಾಕಿ ನೋಡಿದೆ: ಒಂದೇ ಅಳತೆಯ ಪಟ್ಟಿಯಾದರೆ ತಾರಷಡ್ಜ ಹೆಚ್ಚುಕಡಿಮೆ ಚತುಶ್ರುತಿ ಧೈವತಕ್ಕೆ ಇಳಿದಂತೆ!

ಇಳಿದ ಬಗೆ ಇನ್ನೂ ವಿಚಿತ್ರ. ಶೇ. 13.3ರವರೆಗೆ ಅಷ್ಟಿಷ್ಟು, ಅದನ್ನು ದಾಟಿದರೆ ಧಡಕ್ಕನೆ. ಈ ಹರಳಿನ ಪ್ರತಿ ಘಟಕದಲ್ಲಿ ಹದಿನೈದು ಪರಮಾಣು. ಹನ್ನೆರಡರದೊಂದು ಪಂಜರ, ಮೂರರದೊಂದು ಸರಪಳಿ. ಇಂಗಾಲ ತುಂಬಿದ್ದಾಗ ಪಂಜರದಲ್ಲಿ ಒಂದು, ಸರಪಳಿಯ ಎರಡು ತುದಿಗೆ ಎರಡು. ಶೇ. 13.3 ಅಂದರೆ ಮೂರರಲ್ಲಿ ಒಂದು ಹೋಗಿ ಎರಡು ಉಳಿದ ಹಂತ.

ಹೋದದ್ದು ಯಾವುದು? ಎಮಿನ್ ಪಕ್ಷದವರು ಸರಪಳಿಯದ್ದು ಎನ್ನುತ್ತಾರೆ, ಎದುರು ಪಕ್ಷದವರು ಪಂಜರದ್ದು. ಎಕ್ಸ್‌ರೇಗೆ ಐದು ಎಲೆಕ್ಟ್ರಾನಿನ ಬೋರಾನೂ ಆರರ ಇಂಗಾಲವೂ ಹೆಚ್ಚುಕಡಿಮೆ ಒಂದೇ. ನ್ಯೂಟ್ರಾನ್ ಹಾಯಿಸೋಣವೆಂದರೆ, ಬೋರಾನ್-10 ಅದನ್ನು ನುಂಗುತ್ತದೆ. ಬೋರಾನ್-11 ಅದಕ್ಕೆ ಇಂಗಾಲದಂತೆಯೇ ಕಾಣುತ್ತದೆ.

ಮೇಷ್ಟ್ರು ಸರಪಳಿಯ ಕಡೆ. ನಾನು ಪಂಜರದ ಕಡೆ ನಿಂತು, ಚಹಾ ಆರಿಹೋಗುವವರೆಗೆ ವಾದಿಸುತ್ತಿದ್ದೆ. ಪಂಜರಗಳನ್ನು ಬಿಗಿದು ನಿಲ್ಲಿಸಿರುವುದೇ ಸರಪಳಿ. ಅದರ ತುದಿ ಮೊದಲೇ ಬದಲಾಗಿದ್ದರೆ ಬಿಗುವು ಅಷ್ಟು ದೂರ ಉಳಿಯುತ್ತಿತ್ತೇ, ಎನ್ನುವುದು ನನ್ನ ಪ್ರಶ್ನೆ. "ಪಂಜರ ಪಂಜರವನ್ನು ನೇರವಾಗಿ ಹಿಡಿದಿರುವ ಬಂಧವನ್ನು ಮರೆತೆಯಲ್ಲಪ್ಪ," ಎನ್ನುವರು. ಕೊನೆಗೆ ಉಳಿದ ಇಂಗಾಲ ಪಂಜರ ಬಿಟ್ಟಾಗ ಸಡಿಲವಾಗುವುದು ಆ ಬಂಧವೇ ಇರಬಹುದೇ? ಎರಡು ಕತೆಯೂ ಒಂದೇ ಜಾಗದಲ್ಲಿ ಇಳಿಯುವುದಾದರೆ, ಸ್ವರ ಕೇಳಿ ನಾನು ಯಾವುದಕ್ಕೆ ಸಾಕ್ಷಿ ಹೇಳಲಿ?