ಬಯಲಲ್ಲಿ ನಿಂತ ಪೆಟ್ಟಿಗೆ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ವಿದ್ಯುತ್ತಿನ ಪೆಟ್ಟಿಗೆಗಳ ಬಗ್ಗೆ ಮಾತನಾಡಲು ಹೊರಟರೆ ಕೇಳುಗರಿಗೆ ಸೋಜಿಗವೆನಿಸಬಹುದು. ಇಂಜಿನಿಯರುಗಳು ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಅವರು ಬಲ್ಲದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಪೆಟ್ಟಿಗೆಯಾದರೋ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲದ ಬದುವಿನ ಮೇಲೆ, ದಿನವೂ ಅದನ್ನು ಮುಟ್ಟುವ ರೈತನ ಕೈಯಳತೆಯಲ್ಲಿ ನಿಂತಿದೆ. ಈ ಎರಡರ ನಡುವಿನ ದೂರವನ್ನು ಒಂದಿಷ್ಟು ಕಡಿಮೆ ಮಾಡುವುದು ಭಾಷೆಯ ಮೇಷ್ಟ್ರ ಕೆಲಸವೂ ಹೌದೆಂದು ಭಾವಿಸಿ ಈ ಮಾತುಗಳನ್ನು ಆಡುತ್ತಿದ್ದೇನೆ.

ಶಬ್ದಗಳಿಂದಲೇ ಆರಂಭಿಸುತ್ತೇನೆ, ಅದು ನನ್ನ ಹಳೆಯ ಚಾಳಿ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ನಮ್ಮ ಸೀಮೆಯ ಜನ ಇವೆರಡನ್ನೂ ಸೇರಿಸಿ ‘ಜಂಗು’ ಎಂದುಬಿಡುತ್ತಾರೆ. ಫಾರ್ಸಿಯಿಂದ ಬಂದು ಇಲ್ಲಿಯೇ ಮನೆ ಮಾಡಿಕೊಂಡ ನೂರಾರು ಶಬ್ದಗಳಲ್ಲಿ ಅದೂ ಒಂದು. ಆದರೆ ತುಕ್ಕು ಮತ್ತು ಕಿಲುಬು ಎಂಬ ಹಳೆಯ ಭೇದ ಬರಿಯ ನಿಘಂಟಿನ ಚೆಲುವಲ್ಲ. ತುಕ್ಕು ಸಡಿಲವಾದ ವಸ್ತು. ಅದು ಹೊಪ್ಪಳೆಯಾಗಿ ಎದ್ದು ಉದುರುತ್ತದೆ, ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ಮೈಯೊಡ್ಡುತ್ತದೆ, ಹೀಗೆ ತಗಡು ತೂತು ಬೀಳುವ ತನಕ ಅದರ ಕೆಲಸ ನಡೆದೇ ಇರುತ್ತದೆ. ಕಿಲುಬು ಲೋಹವನ್ನು ಅಷ್ಟು ಬೇಗ ತಿನ್ನುವುದಿಲ್ಲ; ತೆಳ್ಳಗೆ ಅಂಟಿಕೊಂಡು ಎರಡು ಲೋಹಗಳ ಕೂಡುವಿಕೆಯನ್ನು ಕೆಡಿಸುತ್ತದೆ. ಕೂಡುವಿಕೆ ಕೆಟ್ಟಲ್ಲಿ ವಿದ್ಯುತ್ತು ತಡವರಿಸುತ್ತದೆ, ಆ ಜಾಗ ಕಾಯುತ್ತದೆ, ಕೊನೆಗೆ ಸುಡುತ್ತದೆ. ಪೆಟ್ಟಿಗೆಯ ಮೈಯನ್ನು ತಿನ್ನುವುದು ತುಕ್ಕು. ಅದರ ಒಳಗಿನ ಜೀವವನ್ನು ಕೆಡಿಸುವುದು ಕಿಲುಬು.

ಉಪ್ಪುಗಾಳಿಯ ಕಾಟ ಕಾರವಾರ, ಮಂಗಳೂರುಗಳ ಪಾಡಲ್ಲವೇ, ಸಮುದ್ರಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ, ಬೇಸಗೆಯಲ್ಲಿ 42 ಡಿಗ್ರಿ ಕಾಯುವ ಈ ತೊಗರಿಯ ನಾಡಿಗೆ ಅದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಉದ್ಯೋಗದ ಮೊದಲ ನಾಲ್ಕು ವರ್ಷಗಳನ್ನು ನಾನು ಕರಾವಳಿಯ ಊರೊಂದರಲ್ಲಿ ಕಳೆದವನು. ಅಲ್ಲಿ ಬೆಳಗಿನ ಜಾವ ಎದ್ದು ನಡೆಯುವಾಗ ಕಂಬದ ಮೇಲಿನ ಪಿಂಗಾಣಿಯಿಂದ ಚಿರಚಿರನೆ ಸದ್ದು ಕೇಳುತ್ತಿತ್ತು. ಕತ್ತಲೆ ಇನ್ನೂ ಇದ್ದರೆ ನೀಲಿ ಬೆಳಕಿನ ಎಳೆಗಳೂ ಕಾಣುತ್ತಿದ್ದವು. ತೆರೆ ಒಡೆದಾಗ ಹಾರಿದ ಉಪ್ಪಿನ ಕಣಗಳು ಪಿಂಗಾಣಿಗೆ ಅಂಟಿ, ಇಬ್ಬನಿಯಲ್ಲಿ ಕರಗಿ, ವಿದ್ಯುತ್ತಿಗೆ ಕಳ್ಳದಾರಿಯಾಗುವ ಪರಿ ಅದು. ಜಡಿಮಳೆ ಹೊಡೆದ ಮೇಲೆ ಸದ್ದು ನಿಂತುಬಿಡುತ್ತಿತ್ತು, ಏಕೆಂದರೆ ದೊಡ್ಡ ಮಳೆ ಪಿಂಗಾಣಿಯನ್ನು ತೊಳೆದುಬಿಡುತ್ತದೆ. ಕೇಡು ಮಾಡುವುದು ಮಂಜು ಮತ್ತು ತುಂತುರು. ಆದ್ದರಿಂದಲೇ ಅಂಥ ಕಡೆಗಳಲ್ಲಿ ಪಿಂಗಾಣಿಯ ಮೈಮೇಲಿನ ದಾರಿಯನ್ನು ಮಡಿಕೆಗಳಿಂದ ಉದ್ದಗೊಳಿಸುತ್ತಾರೆ. ಶುದ್ಧ ಗಾಳಿಯ ಪ್ರದೇಶದಲ್ಲಿ ಪ್ರತಿ ಕಿಲೋವೋಲ್ಟಿಗೆ 16 ಮಿಲಿಮೀಟರ್ ಸಾಕಾದರೆ, ಉಪ್ಪು ಬಹಳವಿರುವಲ್ಲಿ 31 ಮಿಲಿಮೀಟರ್ ಬೇಕೆಂಬುದು ಬಹುಕಾಲದ ಲೆಕ್ಕ. ಪಿಂಗಾಣಿಯ ಬದಲು ನೀರು ಹರಡಿ ನಿಲ್ಲದ ಸಿಲಿಕೋನ್ ರಬ್ಬರಿನವೂ ಈಗ ಬಳಕೆಗೆ ಬಂದಿವೆ.

ಆದರೆ ಉಪ್ಪು ಸಮುದ್ರದ ಸೊತ್ತೇ ಆಗಬೇಕೆಂದಿಲ್ಲ. ವಾಡಿ, ಶಹಾಬಾದ, ಮಳಖೇಡಗಳ ಸುತ್ತ ಸಿಮೆಂಟಿನ ಧೂಳು ಅದೇ ಕೆಲಸ ಮಾಡುತ್ತದೆ. ಕವಿರಾಜಮಾರ್ಗದ ಕಾಲದ ಮಾನ್ಯಖೇಟ ಇಂದು ಬೂದುಬಣ್ಣದ ಧೂಳಿನ ನಡುವೆ ಇರುವುದನ್ನು ಕಂಡಾಗ ಏನನಿಸುತ್ತದೆಂಬುದು ಬೇರೊಂದು ಭಾಷಣದ ವಿಷಯ. ನಮ್ಮ ಮೂರು ತಾಲೂಕುಗಳಲ್ಲಿ ಇನ್ನೊಂದು ಬಗೆಯ ಉಪ್ಪಿದೆ. ಭೀಮೆಯ ದಂಡೆಯ ಎರೆಭೂಮಿಗೆ ನೀರಾವರಿ ಬಂದಿತು, ಕಬ್ಬು ಬಂದಿತು. ಎರೆಮಣ್ಣು ನೀರನ್ನು ಬೇಗ ಬಸಿಯಲು ಬಿಡುವುದಿಲ್ಲ. ನಿಂತ ನೀರು ಆವಿಯಾಗುವಾಗ ಒಳಗಿನ ಲವಣವನ್ನು ಮೇಲಕ್ಕೆ ಎಳೆದು ತರುತ್ತದೆ; ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ರೈತರು ಅದನ್ನು ಸವುಳು ಎನ್ನುತ್ತಾರೆ. ಬೇಸಗೆಯ ಗಾಳಿ ಅದನ್ನು ಎತ್ತಿ ಪೆಟ್ಟಿಗೆಯ ಸಂದುಗಳಲ್ಲಿ ತುಂಬುತ್ತದೆ. ಇದು ಸಾಲದೆಂಬಂತೆ ಪಂಪಿನ ಮನೆಯಲ್ಲಿ ಸ್ಟಾರ್ಟರಿನ ಕೆಳಗೇ ಗೊಬ್ಬರದ ಚೀಲಗಳನ್ನು ಒಟ್ಟಿರುತ್ತೇವೆ. ನಾವು ಪೊಟ್ಯಾಷ್ ಎಂದು ತರುವ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ಬಂಧು. ಸಮುದ್ರವನ್ನು ನಾವೇ ಚೀಲದಲ್ಲಿ ಹೊತ್ತು ತಂದಂತೆ!

ಉಪ್ಪು ಗಾಳಿಯಿಂದ ನೀರನ್ನು ಸೆಳೆಯುತ್ತದೆಂಬುದನ್ನು ಅಡುಗೆಮನೆಯ ಭರಣಿಯೇ ಹೇಳುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿತೆಂದರೆ ಶುದ್ಧವಾದ ಅಡುಗೆ ಉಪ್ಪು ನೀರಾಗತೊಡಗುತ್ತದೆ. ಹರಳುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೆ ಶೇಕಡಾ 33ರಷ್ಟೇ ಸಾಕು. ಅಂದರೆ ಕಣ್ಣಿಗೆ ಒಣಗಿದಂತೆ ಕಾಣುವ ತಗಡಿನ ಮೇಲೂ ಉಪ್ಪಿನ ಪದರವಿದ್ದರೆ ಅದರಡಿಯಲ್ಲಿ ತೇವವಿರುತ್ತದೆ. ತೇವವಿದ್ದಲ್ಲಿ ತುಕ್ಕಿಗೆ ಬಿಡುವಿಲ್ಲ.

ಇನ್ನು ಪೆಟ್ಟಿಗೆಯ ಉಸಿರಾಟ. ಇದು ಕವಿಕಲ್ಪನೆಯಲ್ಲ. ಹಗಲು ಬಿಸಿಲಿಗೆ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಇರುಳು ತಣಿದಾಗ ಹೊರಗಿನ ತೇವದ ಗಾಳಿ ಒಳಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿ: 35 ಡಿಗ್ರಿ ಬಿಸಿಯ, ಶೇಕಡಾ 50 ತೇವದ ಗಾಳಿಯಲ್ಲಿ ಘನಮೀಟರಿಗೆ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ಅದೇ ಗಾಳಿ 20 ಡಿಗ್ರಿಗೆ ಇಳಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು 17 ಗ್ರಾಂ ಮಾತ್ರ. ಉಳಿದದ್ದು ತಗಡಿನ ಒಳಮೈಯಲ್ಲಿ ಹನಿಯಾಗುತ್ತದೆ. ಸ್ಟಾರ್ಟರ್ ಪೆಟ್ಟಿಗೆ ಘನಮೀಟರಿನ ಒಂದು ಸಣ್ಣ ಪಾಲು; ಒಂದು ಇರುಳಿಗೆ ಒಂದು ಹನಿಯೂ ಪೂರ್ತಿ ಆಗದಿರಬಹುದು. ಆದರೆ ಪೆಟ್ಟಿಗೆ ಮಳೆಗಾಲದಲ್ಲಿ, ಇಬ್ಬನಿಯ ದಿನಗಳಲ್ಲಿ ಪ್ರತಿ ಇರುಳೂ ಉಸಿರಾಡುತ್ತದೆ. ಹೀಗೆ ಮಳೆಯ ಒಂದು ಹನಿಯೂ ಒಳಹೊಗದ ಪೆಟ್ಟಿಗೆ ಒಳಗಿನಿಂದಲೇ ನೆನೆಯುತ್ತದೆ. ಪರಿಚಯದ ಲೈನ್‌ಮನ್ ಒಬ್ಬರು ಇಂಥದೊಂದನ್ನು ಬಿಚ್ಚಿ ತೋರಿಸುತ್ತ, “ಹೊರಗಿಂದ ಚಂದ ಅದರಿ ಸರ್, ಒಳಗ ಜಂಗ ತಿಂದು ಜರಡಿ ಆಗ್ಯಾದ” ಎಂದರು.

ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಇಂಥ ಪೆಟ್ಟಿಗೆಯನ್ನು ಮುಟ್ಟಿ ತೀರಿಕೊಂಡರು. ಪಂಪಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುತ್ತದೆ, ಅನೇಕ ವೇಳೆ ಇರುಳಿನಲ್ಲಿಯೇ. ಅವರು ಕಬ್ಬಿಗೆ ನೀರು ಬಿಡಲೆಂದು ಹೋಗಿದ್ದರು. ಬರಿಗಾಲು, ಹಸಿ ನೆಲ. ಒಳಗೆ ತುಕ್ಕು ಹಿಡಿದ ಬಿಗಿಪಟ್ಟಿ ಕಳಚಿ ಬಿದ್ದು ತಂತಿಯೊಂದು ಪೆಟ್ಟಿಗೆಯ ಮೈಗೆ ತಗುಲಿತ್ತು. ಅಷ್ಟರಿಂದಲೇ ಸಾವು ಬರಬೇಕಾಗಿರಲಿಲ್ಲ. ಅಂಥ ಹೊತ್ತಿಗೆಂದೇ ಅರ್ಥ್ ತಂತಿ ಇರುತ್ತದೆ. ಸೋರಿದ ವಿದ್ಯುತ್ತನ್ನು ಅದು ನೆಲಕ್ಕೆ ಒಯ್ಯಬೇಕು, ಫ್ಯೂಸ್ ಹಾರಬೇಕು. ಆ ತಂತಿ ನೆಲದ ಮಟ್ಟದಲ್ಲಿ, ಮಣ್ಣು ಮತ್ತು ಗಾಳಿ ಕೂಡುವ ಜಾಗದಲ್ಲಿ, ಸವೆದು ತುಂಡಾಗಿತ್ತು. ಮೇಲೆ ನೋಡಿದರೆ ತಂತಿ ಇತ್ತು, ಕೆಳಗೆ ಮಣ್ಣಿನಲ್ಲಿ ಕೊಳವೆಯೂ ಇತ್ತು. ನಡುವೆ ನಾಲ್ಕು ಬೆರಳಿನಷ್ಟು ಇರಲಿಲ್ಲ. ಮಗ ಇಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾನೆ. ಆ ಹೊಲಕ್ಕೆ ಅವನು ಬಹಳ ದಿನ ಹೋಗಲಿಲ್ಲ.

ಅರ್ಥ್ ಗುಂಡಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬುವುದು ನಮ್ಮಲ್ಲಿ ರೂಢಿ. ಉಪ್ಪು ತೇವವನ್ನು ಹಿಡಿದು ನೆಲದ ತಡೆಯನ್ನು ತಗ್ಗಿಸುತ್ತದೆಂಬುದು ನಿಜ. ಆದರೆ ಅದೇ ಉಪ್ಪು ಕೊಳವೆಯನ್ನೂ ತಿನ್ನುತ್ತದೆ, ಮಳೆಯಲ್ಲಿ ತೊಳೆದೂ ಹೋಗುತ್ತದೆ. ಇಂದು ಉಪ್ಪಿನ ಬದಲು ಬೆಂಟೊನೈಟ್ ಎಂಬ ಜೇಡಿಯನ್ನು ತುಂಬುವ ಪದ್ಧತಿ ಬಂದಿದೆ. ತಮಾಷೆಯೆಂದರೆ ಆ ಜೇಡಿಯೂ ನಮ್ಮ ಎರೆಮಣ್ಣೂ ಒಂದೇ ಬಳಗದವು; ಎರಡೂ ನೀರು ಕುಡಿದು ಉಬ್ಬುತ್ತವೆ. ಎರೆಭೂಮಿ ತೇವವಾಗಿದ್ದಾಗ ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಗೆಯಲ್ಲಿ ಮಾತ್ರ ಅದು ಕೈ ತೂರುವಷ್ಟು ಬಿರಿದು ಕೊಳವೆಯನ್ನು ಬಿಟ್ಟು ದೂರ ಸರಿಯುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಂಡಿಗೆ ನೀರುಣಿಸುವುದು, ಮಳೆಗೆ ಮುಂಚೆ ಮಣ್ಣು ಕೆದರಿ ತಂತಿಯನ್ನು ಕೊಳವೆಯ ತನಕ ಕಣ್ಣಿನಿಂದ ನೋಡುವುದು, ಇವೆರಡನ್ನೂ ಬಿಡಬಾರದು. ನೋಡುವ ಮುನ್ನ ಮೇನ್ ಸ್ವಿಚ್ಚನ್ನು ತೆಗೆದಿರಬೇಕು. ಕೆಲಸ ತಿಳಿದವನಿಂದಲೇ ಮಾಡಿಸಬೇಕು.

ತುಕ್ಕನ್ನು ತಡೆಯುವ ಲೋಹ ಯಾವುದೆಂದರೆ ಸತು. ಕಬ್ಬಿಣವನ್ನು ಕಾಸಿ ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದರೆ ಸತುವು ಹೊದಿಕೆಯಾಗುತ್ತದೆ. ಅಷ್ಟೇ ಅಲ್ಲ, ಹೊದಿಕೆಯಲ್ಲಿ ಗೀರು ಬಿದ್ದರೂ ಸತು ತಾನು ಸವೆಯುತ್ತ ಪಕ್ಕದ ಕಬ್ಬಿಣವನ್ನು ಕಾಯುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ. ಬಣ್ಣ ಬಿರಿದಲ್ಲಿ ತುಕ್ಕು ಅದರಡಿಯಲ್ಲಿಯೇ ಹರಿದಾಡುತ್ತದೆ. ಸತುವಿನ ಮಾತು ಬಂದಾಗ ನಮ್ಮ ನೆರೆಯ ಬೀದರ ನೆನಪಾಗದಿರದು. ಬಿದರಿ ಕೆಲಸದ ಹೂಜಿಯ ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಬೆಳ್ಳಗೆ ಉಳಿಯುತ್ತದೆ. ಲವಣವು ಲೋಹವನ್ನು ಕೆಡಿಸುವ ಕ್ರಿಯೆಯನ್ನೇ ಪಳಗಿಸಿ ಚೆಲುವು ತಂದ ಆ ಕುಶಲಿಗಳು ರಸಾಯನಶಾಸ್ತ್ರದ ಪುಸ್ತಕ ಓದಿದವರಲ್ಲ.

ಪೆಟ್ಟಿಗೆಯ ಮೇಲೆ ಐ.ಪಿ. 55, ಐ.ಪಿ. 65 ಎಂದು ಬರೆದಿರುತ್ತದೆ. ಮೊದಲ ಅಂಕಿ ಧೂಳಿನ ತಡೆ, ಎರಡನೆಯದು ನೀರಿನ ತಡೆ. ಅಂಗಡಿಯವರು ಹೇಳದ ಮಾತೆಂದರೆ ತುಕ್ಕಿನ ಬಗ್ಗೆಯಾಗಲಿ ಒಳಗಿನ ಇಬ್ಬನಿಯ ಬಗ್ಗೆಯಾಗಲಿ ಆ ಅಂಕಿಗಳು ಏನನ್ನೂ ಹೇಳುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ತಗಡಿನ ಮಾಡು ಇಟ್ಟರೆ ಮಳೆಯೂ ತಪ್ಪುತ್ತದೆ, ಹಗಲಿನ ಕಾವೂ ತಗ್ಗುತ್ತದೆ. ಕಾವು ತಗ್ಗಿದಷ್ಟು ಉಸಿರಾಟ ತಗ್ಗುತ್ತದೆ. ತಂತಿಗಳು ಕೆಳಗಿನಿಂದಲೇ, ರಬ್ಬರಿನ ಬಿಗಿತದ ಮೂಲಕ ಒಳಹೋಗಬೇಕು. ಮೇಲಿನಿಂದ ತಂದರೆ ನೀರು ತಂತಿಯನ್ನೇ ಹಿಡಿದು ಇಳಿಯುತ್ತದೆ. ತಳದಲ್ಲಿ ನೀರು ಬಸಿಯಲು ಒಂದು ಸಣ್ಣ ತೂತು ಇರುತ್ತದೆ. ಹಲ್ಲಿ, ಕಣಜ ಬರುತ್ತವೆಂದು ಅದಕ್ಕೆ ಬಟ್ಟೆ ಗಿಡಿಯುವವರನ್ನು ಕಂಡಿದ್ದೇನೆ. ಗಿಡಿಯಬಾರದು, ಸಣ್ಣ ಜಾಲರಿ ಹಾಕಬೇಕು. ಬಾಗಿಲ ಅಂಚಿನ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ ಸೀಳುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ತಾಮ್ರವನ್ನೂ ಅಲ್ಯೂಮಿನಿಯಂ ಅನ್ನೂ ನೇರವಾಗಿ ತಿರುಚಿ ಕೂಡಿಸಬಾರದು. ತೇವ ಸೇರಿದೊಡನೆ ಅಲ್ಯೂಮಿನಿಯಂ ಸವೆಯುತ್ತದೆ. ಅದಕ್ಕೆಂದೇ ಎರಡೂ ಲೋಹದ ಕೊಂಡಿಗಳು ದೊರೆಯುತ್ತವೆ. ದೊಡ್ಡ ಉಪಕೇಂದ್ರಗಳ ಪೆಟ್ಟಿಗೆಯೊಳಗೆ ಸಣ್ಣದೊಂದು ಹೀಟರ್ ಹಚ್ಚಿಟ್ಟು ಒಳಗನ್ನು ಹೊರಗಿಗಿಂತ ತುಸು ಬೆಚ್ಚಗಿಡುತ್ತಾರೆ. ಬೆಚ್ಚಗಿನ ತಗಡಿನ ಮೇಲೆ ಇಬ್ಬನಿ ಕೂಡುವುದಿಲ್ಲ. ಇವೆಲ್ಲಕ್ಕಿಂತ ಮೊದಲು, ಮನುಷ್ಯನ ಜೀವದ ಮಟ್ಟಿಗೆ, 30 ಮಿಲಿ ಆಂಪಿಯರ್ ಸೋರಿದರೆ ಸಾಕು ಕಡಿದುಕೊಳ್ಳುವ ಸಾಧನ ಬಂದಿದೆ. ಪಂಪಿನ ಬೆಲೆಯ ಮುಂದೆ ಅದರ ಬೆಲೆ ಅಲ್ಪ.

ನಾವು ಟಿ.ಸಿ. ಎಂದು ಕರೆಯುವ ಪರಿವರ್ತಕವೂ ಉಸಿರಾಡುತ್ತದೆ. ದೊಡ್ಡ ಟಿ.ಸಿ.ಗಳ ಪಕ್ಕದಲ್ಲಿ ಗಾಜಿನ ಸಣ್ಣ ಡಬ್ಬಿಯೊಂದು ತೂಗುತ್ತಿರುತ್ತದೆ. ಅದರಲ್ಲಿರುವ ಸಿಲಿಕಾ ಜೆಲ್ ಎಂಬ ಹರಳು ಒಳಹೋಗುವ ಗಾಳಿಯ ತೇವವನ್ನು ಹೀರುತ್ತದೆ. ನೀಲಿಯ ಹರಳು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ಬಿಸಿ ಮಾಡಿ ತೇವ ಹಾರಿಸಿದರೆ ಮತ್ತೆ ನೀಲಿಯಾಗುತ್ತದೆ. ಗುಲಾಬಿಯಾಗಿಯೇ ಬಿಟ್ಟರೆ ತೇವ ಎಣ್ಣೆಗೆ ಇಳಿಯುತ್ತದೆ, ಎಣ್ಣೆಯ ತಡೆಯುವ ಶಕ್ತಿ ಕುಂದುತ್ತದೆ, ಒಂದು ಟಿ.ಸಿ. ಸುಟ್ಟರೆ ಅದರ ಮೇಲಿರುವ ಎಲ್ಲರ ಬೆಳೆಯೂ ಬಾಡುತ್ತದೆ. ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ನಮ್ಮ ಹೊಲಗಳಿಗೆ ಅದು ಬಂದದ್ದು ಬಹಳ ತಡವಾಗಿ. ಬಂದದ್ದನ್ನು ಕಾಪಾಡಿಕೊಳ್ಳುವ ಹೊಣೆ ಜೆಸ್ಕಾಂ ಸಂಸ್ಥೆಯದು ಎಂಬುದು ಸರಿ. ಆದರೆ ದಾರಿಯಲ್ಲಿ ಹೋಗುವವನಿಗೂ ಹರಳಿನ ಬಣ್ಣ ಕಾಣುತ್ತದೆ. ಕಂಡವನು ಒಂದು ಮಾತು ತಿಳಿಸಬಹುದು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ, ಸೊನ್ನ ಬ್ಯಾರೇಜಿನ ಕೆಳಗಿನ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳು ಮುಳುಗಿದ್ದು ಎಲ್ಲರ ನೆನಪಿನಲ್ಲಿದೆ. ಮುಳುಗೆದ್ದ ಮೋಟಾರು, ಸ್ಟಾರ್ಟರುಗಳನ್ನು ಎರಡು ದಿನ ಬಿಸಿಲಿಗಿಟ್ಟು ಗುಂಡಿ ಒತ್ತುವುದು ಅಪಾಯ. ಹೊಳೆಯ ಕೆಸರಿನಲ್ಲಿ ಹೊಲದ ಲವಣವೂ ಇರುತ್ತದೆ. ಮೊದಲು ಸಿಹಿನೀರಿನಿಂದ ತೊಳೆಯಬೇಕು, ಆಮೇಲೆ ಪೂರ್ತಿ ಒಣಗಿಸಬೇಕು, ಅನಂತರ ಮೆಗ್ಗರ್ ಎಂಬ ಮೀಟರಿನಿಂದ ತಂತಿಗೂ ಮೈಗೂ ನಡುವಿನ ತಡೆಯನ್ನು ಅಳೆಸಬೇಕು. ಅದು ಒಂದು ಮೆಗಾ ಓಮಿಗಿಂತ ಕಡಿಮೆ ತೋರಿಸಿದರೆ ಮತ್ತೆ ಒಣಗಿಸಬೇಕು. ಹೊಳೆ ಇಳಿದ ಮೇಲೆ ಕಂಬದ ಬುಡದಲ್ಲಿ, ಪೆಟ್ಟಿಗೆಯ ಮೈಯಲ್ಲಿ ಜುಮ್ಮೆಂದ ಅನುಮಾನ ಬಂದರೂ ಪರೀಕ್ಷಿಸಲು ಮತ್ತೆ ಮುಟ್ಟದೆ 1912 ಸಂಖ್ಯೆಗೆ ಕರೆ ಮಾಡುವುದು, ಅವರು ಬಂದು ಲೈನು ತೆಗೆಯುವವರೆಗೆ ಮಕ್ಕಳನ್ನೂ ದನಕರುಗಳನ್ನೂ ಅತ್ತ ಬಿಡದೆ ದೂರ ನಿಲ್ಲುವುದು.