ನಮ್ಮ ಶುಚಿತ್ವ, ಅವರ ಉಸಿರು

(ಕೊಪ್ಪಳದ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯ ವೃತ್ತಾಂತ ನಮಗೆಲ್ಲ ತಿಳಿದಿದೆ. ಆಕೆ ಕಾಣದಿದ್ದಾಗ ಪ್ರವಾದಿ(ಸ)ರು ವಿಚಾರಿಸಿದರು. ಆಕೆ ಮರಣ ಹೊಂದಿದ್ದಳು. ಅದು ತಿಳಿಸಬೇಕಾದ ಸಂಗತಿಯೆಂದು ಜನರಿಗೆ ಅನಿಸಿರಲಿಲ್ಲ. ಪ್ರವಾದಿ(ಸ)ರು ಆಕೆಯ ಸಮಾಧಿಯ ಬಳಿಗೆ ತೆರಳಿ ಪ್ರಾರ್ಥಿಸಿದರು.

ಶುಚಿತ್ವದ ಕುರಿತು ನಾವು ಧಾರಾಳವಾಗಿ ಮಾತನಾಡುತ್ತೇವೆ. ಶುಚಿಗೊಳಿಸುವವರ ಕುರಿತು? ಕೊಪ್ಪಳ, ಗಂಗಾವತಿಯ ಶಾದಿಮಹಲುಗಳಲ್ಲಿರಲಿ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿರಲಿ, ಶೌಚಾಲಯ ತೊಳೆಯುವ ಮಹಿಳೆಯ ಕೈಗೆ ಆಸಿಡ್ ಬಾಟಲಿ ಕೊಡುವ ನಮ್ಮಲ್ಲಿ ಕೈಗವಸು ಕೊಟ್ಟವರೆಷ್ಟು ಮಂದಿ?

ಶೌಚಾಲಯಕ್ಕೆ ಸುರಿಯುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿನೊಂದಿಗೆ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಇದೇ. ಕಿಟಕಿಯಿಲ್ಲದ ಕೋಣೆಯಲ್ಲಿ ಕಣ್ಣು ಉರಿಯುತ್ತದೆ, ಕೆಮ್ಮು ಹತ್ತುತ್ತದೆ. ಪ್ರಮಾಣ ಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ.

ನಿಧಾನವಾಗಿ ಎರಗುವ ಹಾನಿಯೂ ಇದೆ. ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ಸಂಶೋಧಕರು 6,000ಕ್ಕೂ ಹೆಚ್ಚು ಮಂದಿಯನ್ನು ಸುಮಾರು 20 ವರ್ಷ ಗಮನಿಸಿ, 2018ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ಶುಚಿಗೊಳಿಸುವುದೇ ವೃತ್ತಿಯಾಗಿದ್ದ ಮಹಿಳೆಯರ ಶ್ವಾಸಕೋಶದ ಶಕ್ತಿ ಇತರ ಮಹಿಳೆಯರಿಗಿಂತ ವೇಗವಾಗಿ ಕುಂದಿತ್ತು. ಅದನ್ನು ಅವರು ಹತ್ತಿಪ್ಪತ್ತು ವರ್ಷ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿದ್ದಕ್ಕೆ ಹೋಲಿಸಿದರು. ಸ್ವಂತ ಮನೆಯನ್ನು ಶುಚಿಗೊಳಿಸುತ್ತಿದ್ದ ಮಹಿಳೆಯರಲ್ಲೂ ಹಾನಿ ಕಂಡುಬಂದಿತ್ತು. ಅಂದರೆ ಅಪಾಯ ನಮ್ಮ ತಾಯಂದಿರಿಗೂ ಇದೆ.

2013ರಲ್ಲಿ ಸುಪ್ರೀಮ್ ಕೋರ್ಟು ಆಸಿಡ್‌ನ ಬಿಡಿ ಮಾರಾಟಕ್ಕೆ ನಿರ್ಬಂಧ ವಿಧಿಸಿತು. ಹೆಣ್ಣಿನ ಮುಖಕ್ಕೆ ಎರಚುವ ಕ್ರೂರಿಗಳನ್ನು ತಡೆಯಲು ಅದು ಅನಿವಾರ್ಯವಾಗಿತ್ತು. ಆದರೆ ಅದೇ ಆಸಿಡ್‌ನ ಹೊಗೆಯನ್ನು ನಿತ್ಯ ಸೇವಿಸುವ ಹೆಣ್ಣಿನ ರಕ್ಷಣೆಗೆ ನ್ಯಾಯಾಲಯದ ಆದೇಶ ಬರಲೆಂದು ನಾವು ಕಾಯಬೇಕೇ?

ಮಸೀದಿ ಕಮಿಟಿಗಳಲ್ಲೂ ಗೃಹಿಣಿಯರಲ್ಲೂ ನನ್ನ ವಿನಂತಿಯಿಷ್ಟೆ. ಆಸಿಡ್ ಮತ್ತು ಬ್ಲೀಚಿಂಗನ್ನು ಎಂದೂ ಬೆರೆಸಗೊಡಬೇಡಿ. ಹೆಸರಿಲ್ಲದ ಬಾಟಲಿಯನ್ನು ಕೊಡಬೇಡಿ. ಬಾಗಿಲು ತೆರೆದಿಡಿ, ಕೈಗವಸು ಕೊಡಿ. ಬಾಯಿಗೆ ಕಟ್ಟಿದ ಬಟ್ಟೆ ಅನಿಲವನ್ನು ತಡೆಯದು. ಸಾಬೂನು ನೀರು ಸಾಕಾಗುವಲ್ಲಿ ಆಸಿಡ್ ಬೇಡ. ಕೆಲಸದಾಕೆ ಕೆಮ್ಮಿದರೆ ಆಕೆಯ ಜಾತಿ, ಧರ್ಮ ನೋಡದೆ ಚಿಕಿತ್ಸೆ ಕೊಡಿಸಿ. ಆ ದಿನದ ಕೂಲಿಯನ್ನು ಕಡಿಯಬೇಡಿ.

ಆಕೆ ನಾಲ್ಕು ದಿನ ಬಾರದಿದ್ದರೆ, ಬೇರೊಬ್ಬಳನ್ನು ಹುಡುಕುವ ಮೊದಲು ಆಕೆಯ ಮನೆಗೆ ಹೋಗಿ ವಿಚಾರಿಸಿ. ಪ್ರವಾದಿಚರ್ಯೆ ಅದುವೇ. ಅಲ್ಲಾಹನು ನಮಗದನ್ನು ಅನುಗ್ರಹಿಸಲಿ. ಆಮೀನ್.